ಎತ್ತಿಕೊಡುವವರ ಊರು

ರಾಚಪ್ಪ ಮಾಸ್ತರರು ಗೆದ್ದರು. ನಮ್ಮೂರಿನಿಂದ ವಿಧಾನಸಭೆಗೆ ಹೋದ ಮೊದಲನೆಯವರು ಎಂದು ಪೇಟೆಯ ತುಂಬ ಪೇಢೆ ಹಂಚಿದರು. ನನ್ನ ಗಿರಣಿಗೂ ಒಂದು ಪೊಟ್ಟಣ ಬಂತು. ಬಿಚ್ಚದೆ ಗೂಟಕ್ಕೆ ನೇತುಹಾಕಿದೆ, ಇರುವೆ ತಿಂದವು. ಅವರು ಗೆದ್ದದ್ದಕ್ಕೆ ನನಗೆ ಹೊಟ್ಟೆಕಿಚ್ಚಿಲ್ಲ, ಯಾರಾದರೊಬ್ಬರು ಗೆಲ್ಲಲೇಬೇಕಲ್ಲ. ಆದರೆ ಗೆಲ್ಲುವುದಕ್ಕಾಗಿ ಅವರು ಒಂದು ಮಧ್ಯಾಹ್ನ ಚಾವಡಿಯ ಮುಂದೆ ಮಾಡಿದ್ದೇನಿದೆ, ಅದನ್ನು ನೆನೆದರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ. ಅದಕ್ಕಿಂತ ಹೆಚ್ಚಾಗಿ ಅದನ್ನು ನಿಂತು ನೋಡಿದ ನಮ್ಮ ಜನವನ್ನು ನೆನೆದರೆ ಉರಿಯುತ್ತದೆ.

ನಮ್ಮೂರಿನಲ್ಲಿ ತಾನು ನೆಲಕ್ಕಿಟ್ಟದ್ದನ್ನು ತಾನೇ ಎತ್ತಲಾಗುವುದಿಲ್ಲ. ಕೈತಪ್ಪಿ ಬಿದ್ದದ್ದು ಲೆಕ್ಕಕ್ಕಿಲ್ಲ, ಇಟ್ಟದ್ದು ಮಾತ್ರ. ತಲೆಯ ಮೇಲಿನ ಕೊಡ ಇಳಿಸಿದಿರೋ, ಇನ್ನೊಬ್ಬರು ಬಂದು ಎತ್ತಿಕೊಡಬೇಕು. ನೀವೇ ಎಳೆದರೆ ರಟ್ಟೆ ಕಿತ್ತು ಬಂದೀತೇ ಹೊರತು ಕೊಡ ಏಳುವುದಿಲ್ಲ. ಹಾಗಾಗಿ ನಮ್ಮ ಮನೆಗಳ ತುಂಬ ಗೂಟ, ಕಟ್ಟೆ, ಹಲಗೆ. ಮಠದ ಬಾಗಿಲಲ್ಲಿ ಒಬ್ಬರ ಚಪ್ಪಲಿಯನ್ನು ಇನ್ನೊಬ್ಬರು ಕಾಲಿನಿಂದ ಸರಿಸಿಕೊಡುತ್ತೇವೆ, ದೊಡ್ಡವರದಾದರೆ ಕೈಯಿಂದ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕವೂ ಬಾಳುವುದಿಲ್ಲ, ಯಾಕೆಂದರೆ ಅವನು ಇಟ್ಟ ಚೀಲ ಅವಳೇ ಎತ್ತಬೇಕು, ಅವಳು ಇಳಿಸಿದ ಗಡಿಗೆ ಅವನೇ ಎತ್ತಬೇಕು. ನಮ್ಮ ಓಣಿಯ ಒಂಟಿ ಮುದುಕ ಸಾಬಣ್ಣ ಸಾಮಾನೆಲ್ಲವನ್ನೂ ಜಂತಿಗೆ ಕಟ್ಟಿ, ಅದರ ನಡುವೆ ತಲೆ ತಗ್ಗಿಸಿಕೊಂಡು ಓಡಾಡುತ್ತಾನೆ. ಕೂಸನ್ನಂತೂ ಯಾವ ತಾಯಿಯೂ ತಾನಾಗಿ ನೆಲಕ್ಕಿಳಿಸುವುದಿಲ್ಲ. ಇಳಿಸುವುದು ನೆರೆಯವಳು, ಎತ್ತಿಕೊಳ್ಳುವುದು ತಾಯಿ. ಎತ್ತಿಕೊಡು ಎಂದು ಕೇಳಿದವರಿಗೆ ಆಗುವುದಿಲ್ಲ ಎನ್ನುವ ಮಾತು ನಮ್ಮ ಬಾಯಲ್ಲಿ ಇರಲಿಲ್ಲ. ಹೊಲದ ಬದುವಿಗಾಗಿ ಕೋರ್ಟಿಗೆ ಅಲೆಯುವ ದಾಯಾದಿಗಳೂ ಒಬ್ಬರ ಹೊರೆ ಒಬ್ಬರು ಎತ್ತಿಕೊಟ್ಟು, ಆಮೇಲೆ ಮುಖ ತಿರುಗಿಸಿಕೊಂಡು ಹೋಗುತ್ತಿದ್ದರು.

ಹೊರಗಿನಿಂದ ಬಂದವರಿಗೆ ಈ ಕಟ್ಟು ಇಲ್ಲ. ಅವರು ಇಡುತ್ತಾರೆ, ಎತ್ತುತ್ತಾರೆ, ಹೋಗುತ್ತಾರೆ. ಇಲ್ಲಿಯೇ ಉಳಿದವರು ಮಾತ್ರ ಇಲ್ಲಿಯ ನೀರು ಕುಡಿದು, ಇಲ್ಲಿಯ ಜ್ವರ ಅನುಭವಿಸಿ, ಯಾವುದೋ ಒಂದು ದಿನ ಬಗ್ಗಿ ತಮ್ಮ ಚೀಲ ಎಳೆದರೆ ಅದು ಏಳುವುದಿಲ್ಲ. ನೆಲ ಹಿಡಿಯಿತು ಎನ್ನುತ್ತೇವೆ. ಮೊದಲೆಲ್ಲ ಹಾಗಾದವರ ಮನೆಗೆ ಬೆಲ್ಲ ಕೊಬ್ಬರಿ ಕಳಿಸುವ ರೂಢಿ ಇತ್ತು. ಯಾರನ್ನು ಯಾವಾಗ ಹಿಡಿಯುತ್ತದೆ ಎಂದು ಹೇಳಬಲ್ಲವರಿಲ್ಲ. ಊರು ಬಿಟ್ಟು ಹೋದವರನ್ನು ಅದು ಬಿಡುತ್ತದೋ ಇಲ್ಲವೋ ಅದೂ ಗೊತ್ತಿಲ್ಲ. ನಾವು ಪರವೂರಿಗೆ ಹೋಗುವುದು ಕಡಿಮೆ, ಹೋದರೂ ಜೋಡಿಯಾಗಿಯೇ ಹೋಗುತ್ತೇವೆ.

ನಾನು ಬಸಲಿಂಗವ್ವ. ಗಂಡ ಬಿಟ್ಟುಹೋದ ಹಿಟ್ಟಿನ ಗಿರಣಿಯನ್ನು ನಡೆಸುತ್ತೇನೆ. ಗಿರಣಿ ಎಂದರೆ ನಮ್ಮೂರಿನಲ್ಲಿ ಇಡುವ ಎತ್ತುವ ಜಾಗವೇ: ಜೋಳದ ಡಬ್ಬಿ, ಗೋಧಿಯ ಡಬ್ಬಿ, ಕಡಲೆಯ ಚೀಲ, ಒಬ್ಬರದನ್ನು ಇನ್ನೊಬ್ಬರು ಎತ್ತಿ ಕೊಡುತ್ತ ಸುದ್ದಿ ಹೇಳುತ್ತ ನಿಲ್ಲುತ್ತಾರೆ. ಅಲ್ಲಿಗೆ ಜಾನಾಬಾಯಿ ಬಂದದ್ದು ಕೆಲಸ ಕೇಳಿಕೊಂಡು. ಹೊಳೆಯ ಆಚೆ ದಂಡೆಯವಳು. ಕಬ್ಬು ಕಡಿಯುವ ಗುಂಪಿನ ಜೊತೆ ಗಂಡ ಹೆಂಡತಿ ಬಂದಿದ್ದರು. ಗುಂಪು ತಿರುಗಿ ಹೋಯಿತು, ಇವರು ಉಳಿದರು, ಗಂಡ ಜ್ವರ ಬಂದು ಸತ್ತ. ಆಗ ಅವಳ ಹೊಟ್ಟೆಯಲ್ಲಿ ಕೂಸಿತ್ತು. ನನ್ನ ಹಿತ್ತಿಲ ಕೋಣೆಯಲ್ಲೇ ಹಡೆದಳು, ಹೊಕ್ಕಳ ಬಳ್ಳಿ ಕತ್ತರಿಸಿದ್ದು ನಾನೇ. ಹುಡುಗಿಗೆ ತಾರಿ ಎಂದು ಹೆಸರಿಟ್ಟೆವು. ಕೆಲಸಕ್ಕೆ ಬಂದ ಹೊಸದರಲ್ಲೇ ಅವಳು ತಾನಿಟ್ಟ ಡಬ್ಬಿಯನ್ನು ತಾನೇ ಸಲೀಸಾಗಿ ಎತ್ತುವುದನ್ನು ಕಂಡಿದ್ದೆ. ಸುಳ್ಳೇಕೆ, ಗಿರಣಿಗೆ ಅದು ಅನುಕೂಲವೇ ಆಗಿತ್ತು. ಆದರೆ ಅವಳಿಗೆ ನಾಚಿಕೆ. ಬರಬರುತ್ತ ಎತ್ತಲು ಬರುತ್ತಿದ್ದರೂ ಯಾರನ್ನಾದರೂ ಕರೆದು ಎತ್ತಿಸಿಕೊಳ್ಳತೊಡಗಿದಳು. ಬಂದ ಊರಿನ ನಡೆ ಕಲಿಯಬೇಕಲ್ಲ ಅಕ್ಕಾ ಎನ್ನುತ್ತಿದ್ದಳು. ಬೇರೆಯವರದನ್ನು ಎತ್ತಿಕೊಡುವುದರಲ್ಲಂತೂ ಅವಳ ಕೈ ಎಲ್ಲರಿಗಿಂತ ಮುಂದು.

ಮಾಸ್ತರರ ಬಗ್ಗೆ ಕೆಟ್ಟದ್ದನ್ನೇ ಹೇಳಿದರೆ ನನ್ನ ನಾಲಗೆಗೆ ಹುಳ ಬಿದ್ದೀತು. ಊರಿನ ಅರ್ಧ ಜನಕ್ಕೆ ಅಕ್ಷರ ಕಲಿಸಿದವರು, ಅದರಲ್ಲಿ ನಾನೂ ಒಬ್ಬಳು. ಲಂಚ ಮುಟ್ಟಿದವರಲ್ಲ, ಹೆಣ್ಣುಮಕ್ಕಳನ್ನು ಏಕವಚನದಲ್ಲಿ ಕರೆದರೂ ಅದರಲ್ಲಿ ಒಂದು ಮಮತೆ ಇರುತ್ತಿತ್ತು. ಹಳೆಯ ಪದ್ಧತಿ ಎಂದರೆ ಜೀವ. ನಿವೃತ್ತಿಯಾದ ಮೇಲೆ ಚುನಾವಣೆಗೆ ನಿಂತಾಗ ಅವರು ಹಿಡಿದ ಮಾತೂ ಅದೇ. ಆಚೆ ದಂಡೆಯವರು ಹೆಚ್ಚುತ್ತಿದ್ದಾರೆ, ಅವರು ತಾವಿಟ್ಟದ್ದನ್ನು ತಾವೇ ಎತ್ತುತ್ತಾರೆ, ಅವರಿಗೆ ಯಾರ ಹಂಗೂ ಇಲ್ಲ. ಯಾರ ಹಂಗೂ ಇಲ್ಲದವನನ್ನು ಊರಿನವನು ಎಂದು ಹೇಗೆ ನಂಬುವುದು? ನಮ್ಮ ಮಕ್ಕಳು ಅವರನ್ನು ನೋಡಿ, ಕೇಳುವುದು ಕೀಳು, ಕೊಡುವುದು ಬೇಸರ ಎಂದುಕೊಂಡರೆ ನಾಳೆ ನಮ್ಮ ಮುದುಕರ ಕೊಡ ಎತ್ತುವವರು ಯಾರು? ನೆಲ ಹಿಡಿದವರದೇ ನೆಲ, ಹಿಡಿಯದವರು ಹೊಳೆ ದಾಟಲಿ. ತಾವು ಗೆದ್ದರೆ ರಾಜ್ಯಕ್ಕೇ ಅಂಥ ಕಾನೂನು ತರುವುದಾಗಿ ಹೇಳಿದರು. ಮೊದಲ ಸಲ ಕೇಳಿದಾಗ ನನಗೂ ಹೌದೆನ್ನಿಸಿತ್ತು. ಮಾತು ಅಷ್ಟು ನಯವಾಗಿತ್ತು.

ನಯದ ಮಾತಿಗೆ ಗಿರಾಕಿ ಹೆಚ್ಚು. ಸ್ವಲ್ಪ ದಿನದಲ್ಲೇ ಆಚೆ ದಂಡೆಯವರಿಗೆ ಮನೆ ಬಾಡಿಗೆಗೆ ಕೊಟ್ಟವರು ಬಿಡಿಸತೊಡಗಿದರು. ನಮ್ಮ ಓಣಿಯ ನಲ್ಲಿಗೆ ಜಾನಾಬಾಯಿಯ ಕೊಡ ಬರಕೂಡದು ಎಂದು ಹೆಂಗಸರು ಮಾತಾಡಿಕೊಂಡರು. ಅವರೆಲ್ಲರ ಡಬ್ಬಿ ಎತ್ತಿಕೊಟ್ಟವಳು ಅವಳೇ. ನಾನು ಬಾಯಿ ಜೋರು ಮಾಡಿದ್ದರಿಂದ ನನ್ನೆದುರಿಗೆ ಸುಮ್ಮನಾಗಿ, ನಾನಿಲ್ಲದಾಗ ಅವಳ ಕೊಡ ಹಿಂದೆ ಸರಿಸುತ್ತಿದ್ದರು. ಇದು ಹೀಗೇ ಬೆಳೆಯಬಾರದು, ಅನ್ಯಾಯವಾಗಬಾರದು ಎಂದು ಮಾಸ್ತರರೇ ಒಂದು ದಾರಿ ಕಂಡುಹಿಡಿದರು. ಸಂತೆಯ ದಿನ ಚಾವಡಿಯ ಮುಂದೆ ನೆಲದ ಪರೀಕ್ಷೆ. ಬಲವಂತವೇನಿಲ್ಲ, ಮನಸ್ಸಿದ್ದವರು ಬರಬಹುದು. ನೆಲ ಹಿಡಿದಿದೆ ಎಂದು ಎಲ್ಲರ ಎದುರು ತೋರಿಸಿದರೆ ಅವರು ನಮ್ಮವರು, ಆಮೇಲೆ ಯಾರೂ ಚಕಾರ ಎತ್ತಕೂಡದು. ಬಾರದಿದ್ದವರ ಬಗ್ಗೆ ಅವರು ಏನೂ ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ.

ಹೋಗಬೇಡ ಎಂದೆ. ಜಾನಾಬಾಯಿ ಕೇಳಲಿಲ್ಲ. ಹೋಗದೆ ನಲ್ಲಿಗೆ ಹೋಗುವುದು ಹೇಗೆ, ಕೂಸನ್ನು ಈ ಊರಿನಲ್ಲಿ ಬೆಳೆಸುವುದು ಹೇಗೆ ಎಂದಳು. ಕೊಡ ಇಟ್ಟು, ಏಳದವಳಂತೆ ಎಳೆದು ತೋರಿಸುತ್ತೇನೆ, ನಿತ್ಯ ಮಾಡುವುದೇ ಅಲ್ಲವೇ, ನೀನು ಬಂದು ಎತ್ತಿಕೊಟ್ಟುಬಿಡು ಎಂದಳು. ಸರಿ, ಎಂದೆ. ಮೋಸವೇ ಇರಬಹುದು. ಆದರೆ ಒಬ್ಬಳು ಬದುಕುವುದಕ್ಕೆ ಅಷ್ಟು ಮೋಸ ಮಾಡಬೇಕಾದ ಊರನ್ನು ಏನೆಂದು ಕರೆಯಬೇಕು?

ಆ ದಿನ ಬಿಸಿಲು ಕೆಂಡ ಸುರಿಯುತ್ತಿತ್ತು. ಚಾವಡಿಯ ಮುಂದಿನ ಬಂಡೆಗಲ್ಲಿನ ಹಾಸು ಬೆಳಗಿನಿಂದ ಕಾದಿತ್ತು. ಸಂತೆಗೆ ಬಂದವರೆಲ್ಲ ಅಲ್ಲೇ. ಮಾಸ್ತರರು ಬಿಳಿಯ ಪಟಗ ಸುತ್ತಿ ಕಟ್ಟೆಯ ಮೇಲೆ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಒಂದು ಹಿತ್ತಾಳೆಯ ಕೊಡ ಇಡಿಸಿದ್ದರು. ಆಚೆ ದಂಡೆಯ ಗಂಡಸರು ಒಬ್ಬೊಬ್ಬರಾಗಿ ಬಂದು ಕೊಡ ಇಟ್ಟರು, ಬಗ್ಗಿದರು, ಹಲ್ಲು ಕಚ್ಚಿದರು, ಉಸಿರು ಬಿಟ್ಟರು. ಬಯಲಾಟದಲ್ಲಿ ಪಾತ್ರ ಸಿಗದವರೂ ಅದಕ್ಕಿಂತ ಚೆನ್ನಾಗಿ ಕುಣಿದಾರು. ಜನ ನಕ್ಕರು. ಒಬ್ಬನಂತೂ ಏಳದ ಕೊಡಕ್ಕೆ ಕೈಮುಗಿದು ಅತ್ತ. ಮಾಸ್ತರರು ನಗಲಿಲ್ಲ. ಅವರಿಗೆ ಗೊತ್ತಾಗಿಹೋಯಿತು: ಏಳುವುದಿಲ್ಲ ಎಂದು ತೋರಿಸುವುದು ಯಾರಿಂದಾದರೂ ಆಗುತ್ತದೆ, ಏಳುವುದನ್ನು ಅಡಗಿಸುವುದು ಅಷ್ಟೇ ಸುಲಭ. ಮಕ್ಕಳ ಕಾಪಿಯನ್ನು ಹಿಡಿದು ಅಭ್ಯಾಸವಿದ್ದ ಮನುಷ್ಯ.

ಜಾನಾಬಾಯಿಯ ಸರದಿ ಬಂದಾಗ ಅವಳ ಕಂಕುಳಲ್ಲಿ ತಾರಿ ಇತ್ತು. ಗುಂಪಿನಲ್ಲಿದ್ದ ನನ್ನ ಕೈಗೆ ಕೂಸನ್ನು ಕೊಟ್ಟು ಕೊಡದ ಹತ್ತಿರ ಹೋಗಬೇಕೆಂದು ಇತ್ತ ತಿರುಗಿದಳು. ಮಾಸ್ತರರು ಕೈ ಎತ್ತಿ ನಿಲ್ಲಿಸಿದರು.

"ಕೊಡ ಬಿಡು ತಂಗಿ" ಎಂದರು ಮೆತ್ತಗೆ. "ಕೂಸನ್ನ ಇಡು. ಇಟ್ಟು ಎತ್ತು. ಎದ್ದರ ಎದ್ದಿತು, ಇಲ್ಲಂದ್ರ ನೀ ನಮ್ಮಾಕಿ."

ಜನ ಒಮ್ಮೆ ಗುಜುಗುಜು ಎಂದಿತು, ಅಷ್ಟೇ. ಅವರು ಮುಂದುವರಿಸಿ, ತಾವು ಹೇಳುವ ತನಕ ಯಾರೂ ಕೈ ಹಾಕಬಾರದು, ಎತ್ತಿಕೊಟ್ಟರೆ ಪರೀಕ್ಷೆ ಕೆಡುತ್ತದೆ ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. ಆಮೇಲೆ, ಬಿಸಿಲಿದೆ, ಕೂಸಿಗೆ ನೆರಳು ಮಾಡಿ ಎಂದು ತಮ್ಮ ಕಡೆಯವನೊಬ್ಬನಿಗೆ ಕೊಡೆ ಹಿಡಿಯಲು ಹೇಳಿದರು. ಆ ಕೊಡೆಯನ್ನು ನಾನು ಸಾಯುವ ತನಕ ಮರೆಯುವುದಿಲ್ಲ. ತಲೆಗೆ ನೆರಳು ಮಾಡಿಸಿದರು, ಕೆಳಗಿನ ಕಲ್ಲು ಕಾದದ್ದು ಅವರ ಲೆಕ್ಕಕ್ಕೆ ಬರಲಿಲ್ಲ. ಕೆಟ್ಟವನು ಕೆಟ್ಟದ್ದು ಮಾಡಿದರೆ ಕಲ್ಲು ತೂರಬಹುದು. ಕೊಡೆ ಹಿಡಿಸಿ ಮಾಡುವವನಿಗೆ ಏನು ಮಾಡುತ್ತೀರಿ?

ಜಾನಾಬಾಯಿ ನನ್ನ ಕಡೆ ನೋಡಿದಳು. ನಾನು ಬೇಡ ಎಂದು ತಲೆ ಅಲ್ಲಾಡಿಸಿದೆ. ಅವಳ ಮನಸ್ಸಿನಲ್ಲಿ ಓಡಿದ್ದು ನನಗೆ ಓದಿದಂತೆ ಗೊತ್ತಾಯಿತು. ಇಟ್ಟು ತಕ್ಷಣ ಎತ್ತಿಕೊಂಡರೆ ಹೊರಗಿನವಳು, ಊರು ಬಿಡಬೇಕು. ಎತ್ತದೆ ನಟಿಸಿದರೆ ಕೂಸು ಸುಡುತ್ತದೆ. ಇಡದಿದ್ದರೆ ಆ ಕ್ಷಣವೇ ಸೋತಂತೆ. ಸೆರಗು ಮಡಿಸಿ ಕಲ್ಲಿನ ಮೇಲೆ ಹಾಸಲು ಹೋದಳು. ಬರಿಯ ನೆಲವೇ ಆಗಬೇಕು, ಇಲ್ಲವಾದರೆ ಲೆಕ್ಕವಿಲ್ಲ ಎಂದು ಯಾರೋ ಹಿಂದಿನಿಂದ ಕೂಗಿದರು. ಕೂಗಿದವನ ಮನೆಯ ಜೋಳ ನನ್ನ ಗಿರಣಿಯಲ್ಲೇ ಹಿಟ್ಟಾಗುತ್ತದೆ. ಅವಳು ಬಗ್ಗಿ, ಇನ್ನೂ ಅಂಬೆಗಾಲಿಡಲು ಬಾರದ ಕೂಸನ್ನು ಕಲ್ಲಿನ ಮೇಲೆ ಕೂರಿಸಿ, ಕೈ ತೆಗೆದಳು. ತಾರಿ ಕಿಟಾರನೆ ಚೀರಿತು. ತಾಯಿಗೆ ಅಷ್ಟೇ ಸಾಕಾಯಿತು. ಊರೂ ಬೇಡ ನಲ್ಲಿಯೂ ಬೇಡ ಎಂದು ನಿರ್ಧರಿಸಿದವಳಂತೆ ಒಂದೇ ಸಲಕ್ಕೆ ಬಗ್ಗಿ ಎರಡೂ ಕಂಕುಳಿಗೆ ಕೈ ಕೊಟ್ಟು ಎತ್ತಿದಳು.

ಕೂಸು ಏಳಲಿಲ್ಲ.

ಎಂಥ ಗಟ್ಟಿಗಿತ್ತಿ, ಕೂಸು ಅಳುತ್ತಿರುವಾಗಲೂ ಇಷ್ಟು ಚೆನ್ನಾಗಿ ನಟಿಸುತ್ತಾಳಲ್ಲ ಎಂದು ನಾನೇ ಒಂದು ಗಳಿಗೆ ಅಂದುಕೊಂಡೆ. ಅವಳು ಮತ್ತೆ ಎಳೆದಳು. ಕಾಲು ಅಗಲಿಸಿ ನಿಂತು ಎಳೆದಳು. ಕೂಸಿನ ಅಂಗಿ ಹರಿದು ಕೈಗೆ ಬಂತು. ಆಗ ಅವಳು ತಲೆ ಎತ್ತಿದಳು, ಆ ಮುಖದಲ್ಲಿ ನಟನೆ ಇರಲಿಲ್ಲ. ತನಗೇನಾಗಿದೆ ಎಂದು ಅವಳಿಗೇ ಆಗಷ್ಟೇ ತಿಳಿದಿತ್ತು. ನೆಲ ಅವಳನ್ನು ಯಾವಾಗಲೋ ಹಿಡಿದಿತ್ತು. ಬಹಳ ದಿನದಿಂದ ಎಲ್ಲದಕ್ಕೂ ಇನ್ನೊಬ್ಬರ ಕೈ ಕೇಳುತ್ತ ಬಂದವಳಿಗೆ ಅದು ಗೊತ್ತಾಗುವ ಸಂದರ್ಭವೇ ಬಂದಿರಲಿಲ್ಲ.

"ಎತ್ತಿ ಕೊಡ್ರಿ" ಎಂದಳು. "ಯಾರರ ಎತ್ತಿ ಕೊಡ್ರಿ. ನನಗ ಏಳವಲ್ದು."

ಆ ಮಾತಿಗೆ ನಮ್ಮೂರಿನಲ್ಲಿ ನಿದ್ದೆಯಲ್ಲಿದ್ದವನೂ ಎದ್ದು ಬರುತ್ತಾನೆ. ಅವತ್ತು ಯಾರೂ ಬರಲಿಲ್ಲ. ಅವಳ ಹತ್ತಿರವೇ ನಿಂತಿದ್ದ ಹೆಂಗಸರು ಮಾಸ್ತರರ ಮುಖ ನೋಡಿದರು. ಸಾಬಣ್ಣ ನೆಲ ನೋಡಿದ. ಕೊಡೆ ಹಿಡಿದವನ ಕಾಲಿನ ಬಳಿಯೇ ಕೂಸಿತ್ತು. ಅವನು ಕೊಡೆಯನ್ನು ಇನ್ನಷ್ಟು ಸರಿಯಾಗಿ ಹಿಡಿದ. ಮಾಸ್ತರರು ಮಾತ್ರ ಗಲ್ಲಕ್ಕೆ ಕೈ ಇಟ್ಟುಕೊಂಡು, ಇದೂ ನಟನೆಯೇ ಇರಬಹುದು, ಸ್ವಲ್ಪ ನೋಡೋಣ ಎಂದರು.

ನಾನು ಜನರನ್ನು ನೂಕಿಕೊಂಡು ಹೋದದ್ದು ನೆನಪಿದೆ. ಬಸಲಿಂಗವ್ವ ನಿಂದ್ರು ಎಂದು ಅವರು ಎರಡು ಸಲ ಹೇಳಿದರು, ಶಾಲೆಯಲ್ಲಿ ಹೇಳುತ್ತಿದ್ದ ಧ್ವನಿಯಲ್ಲೇ. ನಾನು ಕೂಸನ್ನು ಎತ್ತಿದೆ. ಹೂವಿನಷ್ಟು ಹಗುರವಾಗಿ ಬಂತು. ತೊಡೆ, ಅಂಗಾಲು ಕೆಂಪಾಗಿದ್ದವು. ತಾಯಿಯ ಕೈಗೆ ಕೊಟ್ಟು ಕಟ್ಟೆಯ ಕಡೆ ತಿರುಗಿದೆ.

"ಮಾಸ್ತರ, ಎತ್ತಿ ಕೊಡಬ್ಯಾಡ ಅಂತ ಈ ಊರಾಗ ಇಷ್ಟು ತಲಿಮಾರಿನ್ಯಾಗ ಯಾರೂ ಅಂದಿರಲಿಲ್ಲ. ಆಚಿ ದಂಡಿಯಾವ್ರೂ ಅನ್ನಲಿಲ್ಲ. ನೀವ ಅಂದ್ರಿ."

ಅವರ ಮುಖ ಕಪ್ಪಿಟ್ಟಿತು. ಒಂದು ಗಳಿಗೆ ನನ್ನ ಮಾತು ಒಳಗೆ ಇಳಿಯಿತು ಎಂದು ಆಸೆಪಟ್ಟೆ. ಆದರೆ ಅವರು ಎದ್ದು ನಿಂತು, ಬಸಲಿಂಗವ್ವ ನಡುವೆ ಬಂದದ್ದರಿಂದ ಪರೀಕ್ಷೆ ಕೆಟ್ಟಿದೆ, ಈ ಹೆಣ್ಣುಮಗಳದು ತೀರ್ಮಾನವಾಗಲಿಲ್ಲ, ಬೇಕಾದರೆ ಮುಂದಿನ ಸಂತೆಗೆ ಮತ್ತೆ ಬರಲಿ ಎಂದರು. ಚಪ್ಪಾಳೆ ಬಿತ್ತು. ಚಪ್ಪಾಳೆ! ಪದ್ಧತಿ ಉಳಿಸುತ್ತೇನೆ ಎಂದು ಓಟು ಕೇಳಿದವನು ಪದ್ಧತಿಯ ಕುತ್ತಿಗೆಯನ್ನೇ ಹಿಸುಕಿದ, ಅದಕ್ಕೆ ನಮ್ಮವರು ಚಪ್ಪಾಳೆ ತಟ್ಟಿದರು.

ಮನೆಗೆ ಬಂದು ಕೂಸಿನ ಕಾಲಿಗೆ ಬೆಣ್ಣೆ ಹಚ್ಚಿದೆವು. ಮರುದಿನ ಗಿರಣಿಯಲ್ಲಿ ಜನ ಏನೂ ಆಗಿಲ್ಲದವರಂತೆ ಬಂದರು. ಎಷ್ಟು ಚೆನ್ನಾಗಿ ನಟಿಸಿದಳು ಎಂದು ಒಬ್ಬಳು ಮೆಚ್ಚಿಕೊಂಡಳು. ನಾವು ಎತ್ತಬೇಕೆಂದೇ ಇದ್ದೆವು, ಮಾಸ್ತರರು ಬೇಡವೆಂದರಲ್ಲ ಎಂದು ಇನ್ನೊಬ್ಬಳು ಹೇಳಿದಳು. ಅವಳ ಡಬ್ಬಿಯನ್ನು ನಾನು ಎತ್ತಿಕೊಟ್ಟೆ. ಎತ್ತಿಕೊಡಬಾರದಿತ್ತು ಎಂದು ಈಗಲೂ ಅನ್ನಿಸುತ್ತದೆ, ಆದರೆ ಕೇಳಿದರೆ ನನ್ನ ಕೈ ತಾನಾಗಿ ಹೋಗುತ್ತದೆ.

ಆ ಸಂಜೆ ಜಾನಾಬಾಯಿ ಗಂಟು ಕಟ್ಟಲು ಶುರು ಮಾಡಿದಳು. ನಾನು ಜಗಳಕ್ಕೇ ನಿಂತೆ. ಈಗ ಹೋಗುವವರುಂಟೇ, ಈಗ ನೀನು ಖರೇ ಈ ಊರಿನವಳು, ಮುಂದಿನ ಸಂತೆಯಲ್ಲಿ ಬಂದು ನಿಲ್ಲು, ಊರೇ ತಿರುಗಿ ಬಿದ್ದರೂ ನಿನ್ನನ್ನು ಕಳಿಸಲು ಯಾರ ಅಪ್ಪನಿಂದಲೂ ಆಗುವುದಿಲ್ಲ ಎಂದೆ. ಅವಳು ಕೂಸನ್ನು ಕಂಕುಳಿಂದ ಇಳಿಸದೆಯೇ, ಒಂದೇ ಕೈಯಿಂದ ಸೀರೆ ಮಡಿಸುತ್ತಿದ್ದಳು.

"ಈ ಊರಿನಾಕಿ ಆದೆ ಅಂತ ಗೊತ್ತಾತು ಅಕ್ಕಾ, ಅದಕ್ಕ ಅಂಜಿಕಿ ಬಂತು" ಎಂದಳು. "ಹೊರಗಿನಾಕಿ ಇದ್ದಾಗ ನನ್ನ ಕೂಸನ್ನ ನಾನ ಎತ್ಕೋತಿದ್ದೆ. ಈಗ ಇವರು ಎತ್ತಿ ಕೊಡಬೇಕು. ಇವರನ್ನ ನಂಬಿ ನಾ ಕೂಸನ್ನ ಎಲ್ಲಿ ಇಡ್ಲಿ?"

ನಾನಿದ್ದೇನೆ ಎನ್ನಬೇಕೆಂದಿದ್ದೆ. ನಾನೊಬ್ಬಳು ಎಲ್ಲೆಲ್ಲಿ ಇರುತ್ತೇನೆ? ನಲ್ಲಿಯ ಹತ್ತಿರ, ಹೊಲದಲ್ಲಿ, ದಾರಿಯಲ್ಲಿ? ಹೊಳೆ ದಾಟಿದರೆ ಈ ನೆಲ ಬಿಟ್ಟರೂ ಬಿಡಬಹುದು ಎಂದು ಅವಳೇ ಹೇಳಿದಳು. ಅವಳಿಗೆ ಬೇಕಾಗಿದ್ದದ್ದು ಅಷ್ಟೇ, ತನ್ನ ಕೂಸನ್ನು ತಾನೇ ಎತ್ತಿಕೊಳ್ಳಬಲ್ಲ ಒಂದು ತುಂಡು ನೆಲ.

ಬೆಳಗಾದ ಮೇಲೆ ದೋಣಿಯ ಕಟ್ಟೆಯ ತನಕ ನಾನೇ ಗಂಟು ಹೊತ್ತುಕೊಂಡು ಹೋದೆ. ದಾರಿಯಲ್ಲಿ ಎದುರಾದವರು ಎಲ್ಲಿಗೆ ಎಂದು ಕೇಳಲಿಲ್ಲ. ಕೆಲವರು ಏನೋ ನೆನಪಾದವರಂತೆ ಬೇರೆ ಓಣಿಗೆ ತಿರುಗಿದರು. ಮಾಸ್ತರರ ಪ್ರಚಾರದ ಜೀಪು ನೆಲ ಹಿಡಿದವರದೇ ನೆಲ ಎಂದು ಕೂಗುತ್ತ ನಮ್ಮ ಪಕ್ಕದಲ್ಲೇ ಹೋಯಿತು. ಹೋಗುತ್ತಿರುವವಳನ್ನೇ ನೆಲ ಹಿಡಿದಿತ್ತು, ಕೂಗುತ್ತಿರುವವರಿಗೆ ಅದು ಬೇಕಾಗಿರಲಿಲ್ಲ. ಜಾನಾಬಾಯಿ ನನ್ನ ಕಾಲು ಮುಟ್ಟಲು ಬಗ್ಗಿದಳು, ನಾನು ಬಿಡಲಿಲ್ಲ. ತಾರಿಯ ಕೆನ್ನೆ ಹಿಂಡಿದೆ. ದೋಣಿ ಹೊರಟಿತು.

ನಾನು ತಿರುಗಿ ಬರದೆ ಅಲ್ಲೇ ನಿಂತೆ. ಹೊಳೆ ಅಷ್ಟೇನೂ ಅಗಲವಿಲ್ಲ, ಆಚೆಯ ಮನುಷ್ಯರು ಚೆನ್ನಾಗಿ ಕಾಣುತ್ತಾರೆ. ಅವಳು ಇಳಿದು, ಗಂಟನ್ನು ಹೆಗಲಿಗೆ ಹಾಕಿಕೊಂಡು, ಮರಳಿನಲ್ಲಿ ಸ್ವಲ್ಪ ದೂರ ನಡೆದಳು. ಆಮೇಲೆ ನಿಂತಳು. ನೆರಳಿದ್ದ ಜಾಗ ನೋಡಿ ಕೂಸನ್ನು ಮರಳಿನ ಮೇಲೆ ಕೂರಿಸಿದಳು. ಎರಡು ಹೆಜ್ಜೆ ಹಿಂದೆ ಸರಿದು, ಮತ್ತೆ ಬಂದು, ಬಗ್ಗಿದಳು.

ಬಗ್ಗಿದ ಬೆನ್ನು ಮೇಲೇಳಲಿಲ್ಲ. ಮತ್ತೆ ಎಳೆದಳು, ಮೊಣಕಾಲೂರಿ ಎಳೆದಳು. ನಮ್ಮೂರು ಅವಳನ್ನು ಬಿಟ್ಟಿರಲಿಲ್ಲ. ಬೇಡವೆಂದು ಹೊಳೆಯಾಚೆ ಅಟ್ಟಿದ ಮೇಲೂ ಬೆನ್ನ ಹಿಂದೆ ಹೋಗಿತ್ತು. ದೋಣಿ ಆಚೆ, ನಾನು ಈಚೆ. ಗಂಟಲು ಹರಿಯುವಂತೆ ಕೂಗಿದೆ, ನನ್ನ ಕೂಗು ನೀರಿನ ಮೇಲೆಯೇ ಎಲ್ಲೋ ಹೋಯಿತು. ನಮ್ಮ ಜನರ ಮೇಲೆ, ಮಾಸ್ತರರ ಮೇಲೆ, ಈ ನೆಲದ ಮೇಲೆ ಬಾಯಿಗೆ ಬಂದದ್ದೆಲ್ಲ ಬೈದೆ.

ಅಲ್ಲಿ ಮಡುವಿನಲ್ಲಿ ಒಬ್ಬ ಎಮ್ಮೆಯ ಮೈ ತೊಳೆಯುತ್ತಿದ್ದ. ಅವರ ಕಡೆ ಇಟ್ಟದ್ದು ಏಳದಿರುವುದಿಲ್ಲ, ಆದ್ದರಿಂದ ಎತ್ತಿಕೊಡುವ ಪದ್ಧತಿಯೂ ಇಲ್ಲ. ಅವನು ಅವಳ ಕಡೆ ನೋಡಿದ. ಎಮ್ಮೆಯನ್ನು ಬಿಟ್ಟು, ಒದ್ದೆ ಕೈಯನ್ನು ಧೋತರಕ್ಕೆ ಒರೆಸಿಕೊಳ್ಳುತ್ತ ಮರಳಿಗೆ ಬಂದ. ಕೂಸನ್ನು ಎತ್ತಿ ಅವಳ ಕಂಕುಳಿಗೆ ಕೊಟ್ಟ. ಎಲ್ಲಿಯವಳು, ಯಾಕೆ ಏಳಲಿಲ್ಲ ಎಂದು ಅವನು ಕೇಳಿದ ಹಾಗೆ ಕಾಣಲಿಲ್ಲ. ಹಿಂತಿರುಗಿ ಹೋಗಿ ಮತ್ತೆ ಎಮ್ಮೆಯ ಬೆನ್ನು ತಿಕ್ಕತೊಡಗಿದ.